ಕನ್ನಡಿ ಹುಟ್ಟನ್ನು ತೋರಿಸುವುದಿಲ್ಲ, ಮಾಡಿದ್ದನ್ನು ತೋರಿಸುತ್ತದೆ

*ಇಂದಿನ ಧಮ್ಮ ಚಿಂತನೆ: ನಮ್ಮನ್ನು ನಾವು ನೋಡಿಕೊಳ್ಳುವುದು*

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ, ಬೇರೆಯವರ ಮೇಲೆ ಬಳಸಿಯೂ ಇದ್ದೇವೆ. ತನ್ನ ತಪ್ಪನ್ನು ನೋಡಿಕೊಳ್ಳದೆ ಹೊರಗಿನದನ್ನು ದೂರುವವರಿಗೆ ಹೇಳುವ ಮಾತು ಅದು. ಆದರೆ ನಮ್ಮ ಜನರ ಬದುಕಿನ ಮುಂದೆ ಇಟ್ಟರೆ ಈ ಗಾದೆ ಅರ್ಧ ಮಾತ್ರ ನಿಲ್ಲುತ್ತದೆ. ನಮ್ಮ ಅಜ್ಜ ಅಜ್ಜಿಯರಿಗೆ ಕುಣಿಯಲು ಕೊಟ್ಟ ನೆಲ ನಿಜವಾಗಿಯೂ ಡೊಂಕಾಗಿತ್ತು. ಬಾವಿ ಬೇರೆ, ಲೋಟ ಬೇರೆ, ಕೇರಿ ಬೇರೆ, ಸುಡುಗಾಡೂ ಬೇರೆ. ಆ ನೆಲದ ಮೇಲೆ ಎಡವಿದವರನ್ನು ನೋಡಿ "ಅವರಿಗೆ ಕುಣಿಯಲು ಬರುವುದಿಲ್ಲ" ಎಂದು ಊರು ನಕ್ಕಿತು.

ಆದ್ದರಿಂದ ಆತ್ಮಾವಲೋಕನ ಮಾಡಿಕೊಳ್ಳಿ ಎಂದು ಯಾರಾದರೂ ಹೇಳಿದರೆ ನಮ್ಮಲ್ಲಿ ಕೆಲವರಿಗೆ ಒಳಗೇ ಒಂದು ಅನುಮಾನ ಬರುತ್ತದೆ. "ಇಷ್ಟು ಕಾಲ ತಪ್ಪೆಲ್ಲ ನಮ್ಮದೇ ಅಂದರು. ಈಗಲೂ ತಪ್ಪು ಹುಡುಕಬೇಕಾದ್ದು ನಮ್ಮಲ್ಲೇನಾ?" ಈ ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ಉತ್ತರ ಕೊಡದೆ ಆತ್ಮಾವಲೋಕನದ ಪಾಠ ಹೇಳಲು ಹೋಗಬಾರದು. ಹಾಗೆಂದು ನೆಲ ಡೊಂಕಾಗಿರುವುದರಿಂದ ನಮ್ಮ ಹೆಜ್ಜೆಯನ್ನು ನಾವು ನೋಡಿಕೊಳ್ಳಬೇಕಾಗಿಲ್ಲ ಎಂದು ತೀರ್ಮಾನಿಸಿದರೂ ನಷ್ಟ ನಮಗೇ. ಎರಡನ್ನೂ ಒಟ್ಟಿಗೆ ಹಿಡಿಯುವ ದಾರಿ ಬುದ್ಧರಲ್ಲಿದೆ, ಬಾಬಾಸಾಹೇಬರಲ್ಲಿದೆ. ಇಂದು ಅದನ್ನೇ ನೋಡೋಣ.

*ಮೊದಲು ಪದದ ವಿಚಾರ*

ಆತ್ಮಾವಲೋಕನ ಎಂಬ ಪದದಲ್ಲಿ 'ಆತ್ಮ' ಇದೆ. ಆತ್ಮವನ್ನು ಒಪ್ಪದ ಬೌದ್ಧರು ಆತ್ಮಾವಲೋಕನ ಮಾಡುವುದು ಹೇಗೆ ಎಂದು ಬಳಗದ ಯುವಕರು ಆಗಾಗ ಕೇಳುತ್ತಾರೆ. ಆತ್ಮಕಥೆ, ಆತ್ಮಗೌರವ, ಆತ್ಮವಿಶ್ವಾಸ ಎನ್ನುವಾಗ ಕನ್ನಡದಲ್ಲಿ 'ಆತ್ಮ' ಎಂದರೆ 'ತನ್ನ' ಎಂದಷ್ಟೇ ಅರ್ಥ. ಸಾಯದ, ಬದಲಾಗದ, ಒಂದು ದೇಹ ಬಿಟ್ಟು ಇನ್ನೊಂದಕ್ಕೆ ಹಾರುವ ವಸ್ತು ಎಂದಲ್ಲ. ಆದ್ದರಿಂದ ಪದಕ್ಕೆ ಹೆದರಬೇಕಾಗಿಲ್ಲ.

ಆದರೂ ಪಾಲಿಯಲ್ಲಿ ಇದಕ್ಕಿಂತ ಒಳ್ಳೆಯ ಪದವೊಂದಿದೆ: ಪಚ್ಚವೇಕ್ಖಣ. ತಿರುಗಿ ನೋಡುವುದು, ಮತ್ತೆ ಮತ್ತೆ ಪರಿಶೀಲಿಸುವುದು ಎಂದು ಅದರ ಅರ್ಥ. ಒಳಗೆ ಎಲ್ಲೋ ಅಡಗಿರುವ 'ನಿಜವಾದ ನಾನು' ಯಾರು ಎಂದು ಹುಡುಕುವುದು ಅದರ ಕೆಲಸವಲ್ಲ. ಮಾಡಿದ ಕೆಲಸ, ಆಡಿದ ಮಾತು, ಮನಸ್ಸಿನಲ್ಲಿ ಎದ್ದ ಯೋಚನೆ, ಈ ಮೂರನ್ನು ತಿರುಗಿ ನೋಡುವುದು ಅದರ ಕೆಲಸ.

*ಬುದ್ಧರು ಮಗನಿಗೆ ಕೊಟ್ಟ ಕನ್ನಡಿ*

ಮಜ್ಝಿಮ ನಿಕಾಯದ 61ನೇ ಸುತ್ತ ಅಂಬಲಟ್ಠಿಕ ರಾಹುಲೋವಾದ. ಬುದ್ಧರು ರಾಜಗೃಹದ ವೇಳುವನದಲ್ಲಿದ್ದಾಗ, ಹತ್ತಿರದ ಅಂಬಲಟ್ಠಿಕದಲ್ಲಿದ್ದ ರಾಹುಲನ ಬಳಿಗೆ ಹೋಗುತ್ತಾರೆ. ರಾಹುಲ ಬುದ್ಧರ ಮಗ, ಆಗಿನ್ನೂ ಎಳೆಯವನು. ತಂದೆ ಬರುವುದನ್ನು ಕಂಡು ಕೂರಲು ಆಸನ ಹಾಕಿ, ಕಾಲು ತೊಳೆಯಲು ನೀರಿಡುತ್ತಾನೆ. ಬುದ್ಧರು ಕಾಲು ತೊಳೆದು, ಪಾತ್ರೆಯಲ್ಲಿ ಒಂದಿಷ್ಟು ನೀರು ಉಳಿಸಿ, ಅದನ್ನೇ ಪಾಠ ಮಾಡುತ್ತಾರೆ. ಗೊತ್ತಿದ್ದೂ ಸುಳ್ಳು ಹೇಳಿ ನಾಚದವನಲ್ಲಿ ಉಳಿಯುವ ಸತ್ವ ಈ ಚೂರು ನೀರಿನಷ್ಟೇ ಎನ್ನುತ್ತಾರೆ. ನೀರು ಚೆಲ್ಲಿ ತೋರಿಸುತ್ತಾರೆ, ಪಾತ್ರೆ ಬೋರಲು ಹಾಕಿ ತೋರಿಸುತ್ತಾರೆ, ಖಾಲಿ ಪಾತ್ರೆ ತೋರಿಸುತ್ತಾರೆ. ಕೈಗೆ ಸಿಕ್ಕ ವಸ್ತುವಿನಿಂದಲೇ ಪಾಠ ಮಾಡುವುದು ಹೇಗೆಂದು ನಮ್ಮಂಥ ಮೇಷ್ಟ್ರುಗಳು ಇಲ್ಲಿ ಕಲಿಯಬೇಕು.

ಆಮೇಲೆ ಬುದ್ಧರು ಕೇಳುತ್ತಾರೆ, ಕನ್ನಡಿ ಇರುವುದು ಯಾಕೆ ಎಂದು. ನೋಡಿಕೊಳ್ಳುವುದಕ್ಕೆ ಎನ್ನುತ್ತಾನೆ ರಾಹುಲ. ಹಾಗೆಯೇ ದೇಹದಿಂದ ಮಾಡುವ ಕೆಲಸವನ್ನು, ಆಡುವ ಮಾತನ್ನು, ಮನಸ್ಸಿನ ಯೋಚನೆಯನ್ನು ನೋಡಿ ನೋಡಿ ಮಾಡಬೇಕು ಎನ್ನುತ್ತಾರೆ ಬುದ್ಧರು. ಯಾವಾಗ ನೋಡಬೇಕು? ಮಾಡುವ ಮುಂಚೆ, ಮಾಡುತ್ತಿರುವಾಗ, ಮಾಡಿದ ಮೇಲೆ. ಏನನ್ನು ನೋಡಬೇಕು? ಇದರಿಂದ ನನಗೆ ಕೇಡಾಗುತ್ತದೆಯೇ, ಇತರರಿಗೆ ಕೇಡಾಗುತ್ತದೆಯೇ, ಇಬ್ಬರಿಗೂ ಕೇಡಾಗುತ್ತದೆಯೇ?

ಕೇಡು ಎಂದು ಕಂಡರೆ ಏನು ಮಾಡಬೇಕೆಂಬುದನ್ನೂ ಬುದ್ಧರು ಸ್ಪಷ್ಟವಾಗಿ ಹೇಳಿದ್ದಾರೆ. ಮುಂಚೆಯೇ ಕಂಡರೆ ಮಾಡಬೇಡ. ಮಧ್ಯದಲ್ಲಿ ಕಂಡರೆ ನಿಲ್ಲಿಸು. ಮಾಡಿದ ಮೇಲೆ ಕಂಡರೆ, ಅದು ಕೆಲಸವೋ ಮಾತೋ ಆಗಿದ್ದಲ್ಲಿ ಗುರುವಿನ ಮುಂದೆ ಅಥವಾ ತಿಳಿದ ಒಡನಾಡಿಯ ಮುಂದೆ ಹೇಳಿಕೋ, ಮುಂದೆ ಹಾಗೆ ಆಗದಂತೆ ಎಚ್ಚರವಾಗಿರು. ಮನಸ್ಸಿನ ಯೋಚನೆಯಾಗಿದ್ದರೆ ಅದಕ್ಕೆ ನಾಚಿ ಅದರಿಂದ ದೂರ ಸರಿ. ಒಳ್ಳೆಯದು ಎಂದು ಕಂಡರೆ? ಸಂತೋಷಪಡು, ಹಗಲಿರುಳು ಆ ಅಭ್ಯಾಸ ಮುಂದುವರಿಸು.

ಈ ಕೊನೆಯ ಮಾತನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಬುದ್ಧರ ಕನ್ನಡಿ ಮಸಿಯನ್ನು ಮಾತ್ರ ತೋರಿಸುವ ಕನ್ನಡಿಯಲ್ಲ. ಮುಖ ಚೆನ್ನಾಗಿದ್ದರೆ ಚೆನ್ನಾಗಿದೆ ಎಂದೂ ತೋರಿಸುತ್ತದೆ.

*"ಯಾವ ಜನ?" ಎಂಬ ಪ್ರಶ್ನೆ*

ನಮ್ಮ ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡದ ಯಾವ ಹಳ್ಳಿಗೆ ಹೋದರೂ ಹೊಸಬರಿಗೆ ಒಂದು ಪ್ರಶ್ನೆ ಎದುರಾಗುತ್ತದೆ. ಹೆಸರು ಕೇಳುತ್ತಾರೆ, ಊರು ಕೇಳುತ್ತಾರೆ, ಆಮೇಲೆ ಸ್ವಲ್ಪ ತಡೆದು "ತಾವು ಯಾವ ಜನ?" ಎನ್ನುತ್ತಾರೆ. ಉತ್ತರ ಸಿಕ್ಕ ಮೇಲೆ ನೀರು ಲೋಟದಲ್ಲಿ ಬರುತ್ತದೋ ಇಲ್ಲವೋ, ಕೂರಲು ಜಗಲಿಯೋ ಅಂಗಳವೋ ಎಂಬುದು ತೀರ್ಮಾನವಾಗುತ್ತದೆ. ಈಗ ಈ ಪ್ರಶ್ನೆಯನ್ನು ಬಾಯಿ ಬಿಟ್ಟು ಕೇಳುವವರು ಕಡಿಮೆಯಾಗಿರಬಹುದು. ಸುತ್ತಿ ಬಳಸಿ ಕೇಳುವವರು ಇದ್ದೇ ಇದ್ದಾರೆ.

ಜಾತಿ ಹಿಡಿಯುವ ಕನ್ನಡಿ ಇದು. ಇದರಲ್ಲಿ ಕಾಣುವುದು ಹುಟ್ಟು ಮಾತ್ರ. ನೀವು ಏನು ಓದಿದಿರಿ, ಯಾರಿಗೆ ನೆರವಾದಿರಿ, ಯಾವ ಮಾತಿಗೆ ತಪ್ಪದೆ ನಡೆದಿರಿ ಎಂಬುದು ಅದರಲ್ಲಿ ಕಾಣುವುದೇ ಇಲ್ಲ. ಹುಟ್ಟನ್ನು ಬದಲಾಯಿಸಲು ಯಾರಿಗೂ ಆಗುವುದಿಲ್ಲ. ಹೀಗಾಗಿ ಆ ಕನ್ನಡಿಯ ಮುಂದೆ ಎಷ್ಟು ಹೊತ್ತು ನಿಂತರೂ ನಾಚಿಕೆಯಲ್ಲದೆ ಬೇರೇನೂ ಹುಟ್ಟುವುದಿಲ್ಲ.

ರಾಹುಲನಿಗೆ ಕೊಟ್ಟ ಕನ್ನಡಿಯನ್ನು ಮತ್ತೊಮ್ಮೆ ನೋಡಿ. ಅದರಲ್ಲಿ ಕುಲ ಇಲ್ಲ. ಶಾಕ್ಯ ವಂಶದ ಮಗ ಎಂಬ ಮಾತಿಲ್ಲ. ಹಿಂದಿನ ಜನ್ಮದ ಲೆಕ್ಕವೂ ಅಲ್ಲಿಲ್ಲ. ನೀನು ಯಾರು ಎಂದು ಅದು ಕೇಳುವುದಿಲ್ಲ. ಏನು ಮಾಡಿದೆ, ಅದರಿಂದ ಯಾರಿಗೆ ಏನಾಯಿತು ಎಂದು ಕೇಳುತ್ತದೆ. ಮಾಡಿದ್ದನ್ನು ನಾಳೆ ಬೇರೆ ರೀತಿ ಮಾಡಬಹುದು. ಆದ್ದರಿಂದಲೇ ಈ ಕನ್ನಡಿಯ ಮುಂದೆ ನಿಂತವರು ಬದಲಾಗಬಲ್ಲರು.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ, ಈ ದೀಕ್ಷೆಯಿಂದ ನನಗೆ ಹೊಸ ಹುಟ್ಟು ಬಂದಿದೆ ಎಂಬ ಅರ್ಥದ ಪ್ರತಿಜ್ಞೆಯೂ ಇದೆ. ಹುಟ್ಟಿನ ಲೆಕ್ಕವನ್ನು ಅಲ್ಲಿಗೇ ಮುಚ್ಚಿದ್ದೇವೆ. ಇನ್ನು ಉಳಿದಿರುವುದು ನಡೆಯ ಲೆಕ್ಕ.

*ಎರಡು ಲೆಕ್ಕ: ಬಾಬಾಸಾಹೇಬರು ತೋರಿಸಿದ್ದು*

ಬಾಬಾಸಾಹೇಬರು ತಮ್ಮ ಬದುಕಿನ ಕೆಲವು ಅನುಭವಗಳನ್ನು 'ವೇಟಿಂಗ್ ಫಾರ್ ಎ ವೀಸಾ' ಎಂಬ ಚಿಕ್ಕ ಬರಹದಲ್ಲಿ ದಾಖಲಿಸಿದ್ದಾರೆ. ಅದರಲ್ಲಿ 1929ರ ಚಾಳೀಸ್‌ಗಾಂವ್ ಪ್ರಸಂಗ ನಮ್ಮ ಇಂದಿನ ವಿಷಯಕ್ಕೆ ತುಂಬ ಹತ್ತಿರವಾದದ್ದು.

ಅಸ್ಪೃಶ್ಯರ ಕುಂದುಕೊರತೆ ವಿಚಾರಿಸಲು ಮುಂಬಯಿ ಸರ್ಕಾರ ನೇಮಿಸಿದ್ದ ಸಮಿತಿಯ ಸದಸ್ಯರಾಗಿ ಅವರು ಖಾನ್‌ದೇಶದಲ್ಲಿದ್ದರು. ಚಾಳೀಸ್‌ಗಾಂವ್‌ನ ನಮ್ಮ ಜನ ಒಂದು ರಾತ್ರಿ ತಮ್ಮಲ್ಲಿ ಉಳಿಯಬೇಕೆಂದು ಒತ್ತಾಯಿಸಿದರು. ಸ್ಟೇಷನ್‌ನಿಂದ ಕೇರಿಗೆ ಹೋಗಬೇಕು. ಅಸ್ಪೃಶ್ಯನನ್ನು ಕೂರಿಸಿಕೊಂಡು ಟಾಂಗಾ ಹೊಡೆಯಲು ಒಬ್ಬ ಗಾಡಿಯವನೂ ಒಪ್ಪಲಿಲ್ಲ. ಬ್ಯಾರಿಸ್ಟರ್ ಆಗಿದ್ದ ತಮ್ಮ ನಾಯಕ ನಡೆದು ಬರುವುದು ಗೌರವವಲ್ಲ ಎಂದು ಕೇರಿಯವರಿಗೆ ಅನ್ನಿಸಿತು. ಕೊನೆಗೆ ಟಾಂಗಾ ಮಾತ್ರ ಬಾಡಿಗೆಗೆ ಪಡೆದು, ಓಡಿಸಲು ತಮ್ಮವನನ್ನೇ ಕೂರಿಸಿದರು. ಅವನಿಗೆ ಗಾಡಿ ಹೊಡೆದು ಅಭ್ಯಾಸವಿರಲಿಲ್ಲ. ಮೋರಿಯ ಮೇಲೆ ಚಕ್ರ ಕಲ್ಲಿಗೆ ಸಿಕ್ಕಿ, ಬಾಬಾಸಾಹೇಬರು ಕಲ್ಲುಹಾಸಿನ ಮೇಲೆ ಎಸೆಯಲ್ಪಟ್ಟರು. ಕುದುರೆ, ಗಾಡಿ ನದಿಗೆ ಬಿದ್ದವು. ಅವರ ಕಾಲಿನ ಮೂಳೆ ಮುರಿಯಿತು. ಎಷ್ಟೋ ದಿನ ಓಡಾಡುವ ಹಾಗಿರಲಿಲ್ಲ.

ಇಲ್ಲಿ ಗಮನಿಸಬೇಕಾದ್ದು ಬಾಬಾಸಾಹೇಬರು ಇದನ್ನು ತೂಗುವ ರೀತಿ. ಬಡ ಟಾಂಗಾದವನೂ ಬ್ಯಾರಿಸ್ಟರ್ ಆದ ಅಸ್ಪೃಶ್ಯನಿಗಿಂತ ತಾನೇ ಮೇಲು ಎಂದುಕೊಳ್ಳುವಂತೆ ಮಾಡಿದ ಜಾತಿ ವ್ಯವಸ್ಥೆಯನ್ನು ಅವರು ನೇರವಾಗಿ ಹೆಸರಿಸುತ್ತಾರೆ. ಅದರ ಪಾಲನ್ನು ಒಂದು ಗುಲಗಂಜಿಯಷ್ಟೂ ಕಡಿಮೆ ಮಾಡುವುದಿಲ್ಲ. ಜೊತೆಗೆ, ನಮ್ಮ ಜನ ಗೌರವ ಕಾಪಾಡುವ ಭರದಲ್ಲಿ ಕೂತವರ ಜೀವದ ಸುರಕ್ಷತೆ ಅದಕ್ಕಿಂತ ದೊಡ್ಡದು ಎಂಬುದನ್ನು ಮರೆತರು ಎಂದೂ ಹೇಳುತ್ತಾರೆ. ಪ್ರೀತಿಯಿಂದಲೇ ಮಾಡಿದ ತಪ್ಪು ಅದು, ಆದರೂ ತಪ್ಪನ್ನು ತಪ್ಪೆಂದೇ ಬರೆದರು.

ಒಂದೇ ಘಟನೆ, ಎರಡು ಲೆಕ್ಕ. ಅವರ ಲೆಕ್ಕದಲ್ಲಿ ಅವರದ್ದು, ನಮ್ಮ ಲೆಕ್ಕದಲ್ಲಿ ನಮ್ಮದು. ಒಂದನ್ನು ಇನ್ನೊಂದರಲ್ಲಿ ಬರೆಯಲಿಲ್ಲ. ಬಂಧುಗಳೇ, ಇಂದಿನ ಚಿಂತನೆಯ ತಿರುಳು ಇಷ್ಟೇ. ಬೇರೆಯವರು ಮಾಡಿದ ಅನ್ಯಾಯವನ್ನು ನಮ್ಮ ಕೊರತೆ ಎಂದು ಬರೆದುಕೊಳ್ಳಬಾರದು. ನಮ್ಮ ಕೊರತೆಯನ್ನು ಅವರ ಅನ್ಯಾಯ ಎಂದೂ ಬರೆಯಬಾರದು.

ಒಂದು ಉದಾಹರಣೆ ತೆಗೆದುಕೊಳ್ಳಿ. ತಾಲ್ಲೂಕು ಕಚೇರಿಯೊಂದರಲ್ಲಿ ನಮ್ಮ ಹುಡುಗಿಯೊಬ್ಬಳು ಗುಮಾಸ್ತೆಯಾಗಿದ್ದಾಳೆ ಎನ್ನೋಣ. ಊಟದ ಹೊತ್ತಿನಲ್ಲಿ ಪಕ್ಕದವರು ಡಬ್ಬಿ ಎತ್ತಿಕೊಂಡು ದೂರ ಹೋಗಿ ಕೂರುತ್ತಾರೆ. "ಕೋಟಾದಲ್ಲಿ ಬಂದವರು" ಎಂಬ ಮಾತು ಕಿವಿಗೆ ಬೀಳುತ್ತದೆ. ಅವಳು ರಾತ್ರಿ ಮಲಗಿ "ನನ್ನಲ್ಲಿ ಏನು ಕಡಿಮೆ ಇದೆ?" ಎಂದು ತನ್ನನ್ನೇ ಕೊರೆದುಕೊಂಡರೆ ಅದು ಆತ್ಮಾವಲೋಕನವಲ್ಲ. ಅವರ ಲೆಕ್ಕದಲ್ಲಿರಬೇಕಾದ ಸಾಲವನ್ನು ತನ್ನ ಪುಸ್ತಕಕ್ಕೆ ಬರೆದುಕೊಂಡ ಹಾಗಾಯಿತು. ಅಲ್ಲಿ ಅವಳ ಪಾಲು ಸೊನ್ನೆ. ಮೇಲಧಿಕಾರಿಗೆ ಲಿಖಿತವಾಗಿ ತಿಳಿಸಬೇಕೇ, ಜಾತಿ ನಿಂದನೆಯಾಗಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಡಬೇಕೇ, ಯಾರ ಬೆಂಬಲ ಕೇಳಬೇಕು ಎಂಬುದನ್ನು ಅವಳು ಯೋಚಿಸಬೇಕು.

ಆದರೆ ಅದೇ ದಿನ, ವಿಧವಾ ವೇತನಕ್ಕೆ ಅರ್ಜಿ ಹಾಕಿದ ಅಜ್ಜಿಯೊಬ್ಬರ ಕಾಗದ ಅವಳ ಮೇಜಿನ ಮೇಲೆ ನಾಲ್ಕನೆಯ ದಿನವೂ ಅಲುಗದೆ ಕೂತಿದ್ದರೆ? "ಈ ಆಫೀಸಿನಲ್ಲಿ ನನ್ನನ್ನು ಯಾರು ಮನುಷ್ಯಳಂತೆ ಕಾಣುತ್ತಾರೆ, ನಾನ್ಯಾಕೆ ಮೈ ಮುರಿದು ದುಡಿಯಬೇಕು" ಎಂದುಕೊಂಡರೆ, ತನ್ನ ಲೆಕ್ಕವನ್ನು ಅವರ ಪುಸ್ತಕಕ್ಕೆ ಬರೆದ ಹಾಗಾಯಿತು. ಆ ಅಜ್ಜಿ ಅವಳಿಗೆ ಏನೂ ಅನ್ಯಾಯ ಮಾಡಿಲ್ಲ. ಎರಡು ಪುಸ್ತಕವನ್ನೂ ಬೇರೆ ಬೇರೆ ಇಟ್ಟುಕೊಂಡವಳು ಎದುರು ನಿಂತು ಪ್ರಶ್ನಿಸಲೂ ಬಲ್ಲಳು, ಅಜ್ಜಿಯ ಕೆಲಸ ಮುಗಿಸಿ ಕೊಡಲೂ ಬಲ್ಲಳು.

*ಚಕ್ರವರ್ತಿಯೂ ತಿರುಗಿ ನೋಡಿಕೊಂಡ*

ಪಾವಗಡದ ಆಚೆ, ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಜಾಗಗಳಿವೆ. ಮೂರರಲ್ಲೂ ಅಶೋಕನ ಬಂಡೆ ಶಾಸನಗಳಿವೆ. ಬಿ. ಎಲ್. ರೈಸ್ ಅವರು 1892ರಲ್ಲಿ ಇವನ್ನು ಬೆಳಕಿಗೆ ತಂದರು. ಬಸ್ಸಿನಲ್ಲಿ ಒಂದೇ ದಿನದಲ್ಲಿ ಹೋಗಿ ಬರಬಹುದಾದ ನಮ್ಮ ಬೌದ್ಧ ನೆಲ ಅದು.

ಅಲ್ಲಿ ಅಶೋಕ ತನ್ನ ಬಗ್ಗೆಯೇ ಹೇಳಿಕೊಂಡಿದ್ದಾನೆ. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು, ಆದರೆ ಒಂದು ವರ್ಷ ಹೆಚ್ಚು ಶ್ರಮ ಹಾಕಲಿಲ್ಲ, ಸಂಘದ ಹತ್ತಿರ ಬಂದ ಮೇಲೆ ಒಂದು ವರ್ಷಕ್ಕೂ ಮೀರಿ ಚೆನ್ನಾಗಿ ಶ್ರಮಿಸಿದೆ ಎಂಬುದು ಅದರ ಸಾರಾಂಶ. ಇಷ್ಟು ದೊಡ್ಡ ಸಾಮ್ರಾಜ್ಯದ ಒಡೆಯ, ಒಂದು ವರ್ಷ ನಾನು ಸೋಮಾರಿಯಾಗಿದ್ದೆ ಎಂಬರ್ಥದ ಮಾತನ್ನು ಕಲ್ಲಿನಲ್ಲಿ ಕೊರೆಸಿ ಜನರ ಮುಂದಿಟ್ಟ. ಗೆದ್ದದ್ದನ್ನು ಕೊರೆಸಿದ ರಾಜರ ಶಾಸನಗಳು ನಾಡಿನಲ್ಲಿ ಬೇಕಾದಷ್ಟಿವೆ. ತನ್ನ ಕೊರತೆಯನ್ನು ಕೊರೆಸಿದವರು ಎಷ್ಟು ಜನ? ಅದೇ ಶಾಸನದಲ್ಲಿ ಇನ್ನೊಂದು ಮಾತಿದೆ: ಈ ಪ್ರಯತ್ನದ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸಿಗುತ್ತದೆ. ಅಂದರೆ ನಮಗೂ.

ಉತ್ತರ ಭಾರತದಲ್ಲಿರುವ ಅವನ ಮೂರನೆಯ ಸ್ತಂಭ ಶಾಸನದಲ್ಲಿ ಇದೇ ವಿಚಾರ ಇನ್ನೂ ಆಳವಾಗಿದೆ. ಮನುಷ್ಯ ತಾನು ಮಾಡಿದ ಒಳ್ಳೆಯದನ್ನು ಮಾತ್ರ ನೋಡುತ್ತಾನೆ, ಕೆಟ್ಟದ್ದನ್ನು ನೋಡುವುದಿಲ್ಲ, ಹಾಗೆ ನೋಡಿಕೊಳ್ಳುವುದು ನಿಜಕ್ಕೂ ಕಷ್ಟ ಎನ್ನುತ್ತಾನೆ. ಉಗ್ರತನ, ನಿಷ್ಠುರತೆ, ಕೋಪ, ಅಹಂಕಾರ, ಹೊಟ್ಟೆಕಿಚ್ಚು ಎಂದು ಹೆಸರಿಟ್ಟು ಎಣಿಸುತ್ತಾನೆ. ರಾಜಸ್ಥಾನದ ಬೈರಾಟ್‌ನ ಶಾಸನದಲ್ಲಿ ಭಿಕ್ಖು ಭಿಕ್ಖುಣಿಯರು, ಉಪಾಸಕ ಉಪಾಸಿಕೆಯರು ಮತ್ತೆ ಮತ್ತೆ ಕೇಳಬೇಕಾದ ಬೋಧನೆಗಳ ಪಟ್ಟಿ ಕೊಟ್ಟಿದ್ದಾನೆ. ಆ ಪಟ್ಟಿಯಲ್ಲಿ ಸುಳ್ಳಿನ ಬಗ್ಗೆ ರಾಹುಲನಿಗೆ ಹೇಳಿದ ಬೋಧನೆಯೂ ಇದೆ. ನಾವು ಇವತ್ತು ಮೊಬೈಲಿನಲ್ಲಿ ಓದುತ್ತಿರುವ ಪಾಠವನ್ನೇ ಎರಡು ಸಾವಿರ ವರ್ಷಗಳ ಹಿಂದಿನ ಉಪಾಸಕರಿಗೂ ಅಶೋಕ ಸೂಚಿಸಿದ್ದ.

*ಕೆಲಸದ ಜಾಗದಲ್ಲಿ ಏಳು ಪ್ರಶ್ನೆ*

ಕಲಬುರಗಿ ಜಿಲ್ಲೆಯ ಸನ್ನತಿ ಭೀಮಾ ನದಿಯ ದಡದಲ್ಲಿದೆ. ಅಲ್ಲಿಯ ಕಾಳಿ ಗುಡಿಯಲ್ಲಿ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ 1980ರ ದಶಕದಲ್ಲಿ ಅಶೋಕನ ಶಾಸನಗಳು ಪತ್ತೆಯಾದವು. ಕಳಿಂಗದ ಅಧಿಕಾರಿಗಳಿಗೆಂದು ಅವನು ಧೌಲಿ, ಜೌಗಡಗಳಲ್ಲಿ ಕೊರೆಸಿದ್ದ ಎರಡು ಪ್ರತ್ಯೇಕ ಶಾಸನಗಳ ಪಾಠ ನಮ್ಮ ಸನ್ನತಿಯಲ್ಲೂ ಇದೆ.

ಅವುಗಳಲ್ಲಿ ಒಂದು ನೇರವಾಗಿ ಅಧಿಕಾರಿಗಳಿಗೆ ಹೇಳಿದ ಮಾತು. ನೀವು ಸಾವಿರಾರು ಜೀವಗಳ ಮೇಲೆ ನೇಮಕವಾಗಿದ್ದೀರಿ, ಆದರೂ ಕಾರಣವಿಲ್ಲದೆ ಜನರಿಗೆ ಸೆರೆ, ಹಿಂಸೆ ಆಗುತ್ತಿದೆ, ಇದು ಯಾಕೆ ಎಂದು ನೋಡಿಕೊಳ್ಳಿ ಎನ್ನುತ್ತಾನೆ. ನ್ಯಾಯವಾಗಿ ನಡೆಯದಂತೆ ತಡೆಯುವ ಏಳು ಗುಣಗಳನ್ನು ಎಣಿಸಿ, ಇವು ನಮ್ಮಲ್ಲಿ ಇಲ್ಲದಿರಲಿ ಎಂದು ಬಯಸಬೇಕು ಎನ್ನುತ್ತಾನೆ. ಆ ಏಳು ಇವು: ಹೊಟ್ಟೆಕಿಚ್ಚು, ಸಿಡುಕು, ಕ್ರೌರ್ಯ, ಆತುರ, ಅಭ್ಯಾಸ ಇಲ್ಲದಿರುವುದು, ಸೋಮಾರಿತನ, ಆಯಾಸ.

ಈ ಪಟ್ಟಿ ಎಷ್ಟು ಪ್ರಾಮಾಣಿಕವಾಗಿದೆ ನೋಡಿ. ಕ್ರೌರ್ಯದ ಪಕ್ಕದಲ್ಲೇ ಆಯಾಸವನ್ನೂ ಇಟ್ಟಿದ್ದಾನೆ. ದುಷ್ಟರಿಂದ ಮಾತ್ರ ಅನ್ಯಾಯ ಆಗುವುದಿಲ್ಲ, ದಣಿದವರಿಂದಲೂ ಆಗುತ್ತದೆ, ಕೆಲಸ ಸರಿಯಾಗಿ ಕಲಿಯದವರಿಂದಲೂ ಆಗುತ್ತದೆ. ಹೀಗಾಗಿ ಈ ಪಟ್ಟಿ ನಮ್ಮನ್ನು ಬೈಯುವುದಕ್ಕಿಂತ ಹೆಚ್ಚಾಗಿ ಕಾರಣ ಹುಡುಕಲು ಕಲಿಸುತ್ತದೆ. ಕಾರಣ ಗೊತ್ತಾದರೆ ಮದ್ದು ಗೊತ್ತಾಗುತ್ತದೆ. ದುಃಖಕ್ಕೆ ಕಾರಣ ಹುಡುಕುವ ಬುದ್ಧರ ಕ್ರಮವೂ ಇದೇ ಅಲ್ಲವೇ?

ನಾನು ಮೇಷ್ಟ್ರು, ಆದ್ದರಿಂದ ತರಗತಿಯಿಂದಲೇ ಉದಾಹರಣೆ ಕೊಡುತ್ತೇನೆ. ಐದನೇ ತರಗತಿಯ ಮಗು ಒತ್ತಕ್ಷರ ಓದಲು ತಡವರಿಸುತ್ತದೆ. ಮೇಷ್ಟ್ರ ಬಾಯಿಂದ "ದಡ್ಡ" ಎಂಬ ಮಾತು ಬಂತು ಎನ್ನೋಣ. ಆ ಮಾತು ಎಲ್ಲಿಂದ ಬಂತು? ಮಧ್ಯಾಹ್ನದ ಮೂರು ಗಂಟೆಯ ಆಯಾಸದಿಂದ ಬಂದಿದ್ದರೆ, ಓದಿನ ಪಾಠವನ್ನು ಬೆಳಗಿನ ಅವಧಿಗೆ ತರಬೇಕು. ಪಾಠ ಮುಗಿಸುವ ಆತುರದಿಂದ ಬಂದಿದ್ದರೆ, ಪಾಠ ಮುಗಿಯುವುದು ಯಾರಿಗಾಗಿ ಎಂದು ಕೇಳಿಕೊಳ್ಳಬೇಕು. ತಡವಾಗಿ ಕಲಿಯುವ ಮಗುವಿಗೆ ಕಲಿಸುವ ವಿಧಾನವೇ ಗೊತ್ತಿಲ್ಲದೆ ಬಂದಿದ್ದರೆ ಅದು ಅಭ್ಯಾಸದ ಕೊರತೆ. ಗೊತ್ತಿರುವ ಸಹೋದ್ಯೋಗಿಯ ಬಳಿ ಕೂತು ಕಲಿಯಬೇಕು. ಹೊರಗೆ ಬಂದದ್ದು ಒಂದೇ ಮಾತಾದರೂ ಅದರ ಬೇರುಗಳು ಬೇರೆ ಬೇರೆ, ಮದ್ದೂ ಬೇರೆ ಬೇರೆ.

ಇದನ್ನೇ ಬಸ್ ಕಂಡಕ್ಟರ್ ಕೇಳಿಕೊಳ್ಳಬಹುದು, ಆಶಾ ಕಾರ್ಯಕರ್ತೆ ಕೇಳಿಕೊಳ್ಳಬಹುದು, ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್ ಆದ ನಮ್ಮ ತಂಗಿ ಕೇಳಿಕೊಳ್ಳಬಹುದು, ಪಂಚಾಯ್ತಿ ಸದಸ್ಯರು ಕೇಳಿಕೊಳ್ಳಬಹುದು. ಇವತ್ತು ನನ್ನ ಕೈಯಲ್ಲಿ ಕೆಲಸ ಕೆಟ್ಟದ್ದು ಈ ಏಳರಲ್ಲಿ ಯಾವುದರಿಂದ?

ನಮ್ಮಲ್ಲಿ ಓದಿ ನೌಕರಿ ಹಿಡಿದವರಿಗೆ ಈ ಪ್ರಶ್ನೆ ಇನ್ನೂ ತೂಕದ್ದು. 1956ರ ಮಾರ್ಚ್ 18ರಂದು ಆಗ್ರಾದಲ್ಲಿ ಮಾತಾಡುತ್ತ ಬಾಬಾಸಾಹೇಬರು, ಓದಿದವರು ಸಮಾಜಕ್ಕೆ ನೆರವಾಗುತ್ತಾರೆ ಎಂದು ನಂಬಿದ್ದೆ, ಅವರು ನನ್ನ ನಂಬಿಕೆಗೆ ತಕ್ಕಂತೆ ನಡೆಯಲಿಲ್ಲ ಎಂದು ನೊಂದುಕೊಂಡರು. ಪ್ರತಿ ಏಪ್ರಿಲ್ 14ಕ್ಕೆ ಹಾರ ಹಾಕುವ ಕೈಗಳು ಆ ನೋವಿಗೂ ಉತ್ತರ ಕೊಡಬೇಕು. ಎಸ್ಸೆಸ್ಸೆಲ್ಸಿ ಮುಗಿಸಿ ಮುಂದೇನು ಎಂದು ಗೊತ್ತಾಗದೆ ಕೂತ ಕೇರಿಯ ಹುಡುಗನಿಗೆ ಹಾಸ್ಟೆಲ್ ಅರ್ಜಿ ತುಂಬಿಸಿ ಕೊಟ್ಟೆವೇ? ಸ್ಕಾಲರ್‌ಶಿಪ್ಪಿನ ಕೊನೆಯ ದಿನ ತಿಳಿಸಿದೆವೇ? ಇದು ನಮ್ಮ ಲೆಕ್ಕ. ಇದನ್ನು ಬೇರೆ ಯಾರ ಪುಸ್ತಕದಲ್ಲೂ ಬರೆಯಲಾಗದು.

*ಮನೆಯೊಳಗಿನ ಕನ್ನಡಿ*

ಕಣದಲ್ಲಿ ರಾಗಿ ತೂರುವುದನ್ನು ನೋಡಿದ್ದೀರಿ. ಗಾಳಿ ಬೀಸಿದಾಗ ಹೊಟ್ಟು ಹಾರುತ್ತದೆ, ಎಲ್ಲರಿಗೂ ಕಾಣುತ್ತದೆ. ಜನ ಪರರ ತಪ್ಪನ್ನು ಹೀಗೆ ಹೊಟ್ಟಿನಂತೆ ತೂರುತ್ತಾರೆ, ತಮ್ಮದನ್ನು ಮಾತ್ರ ಮುಚ್ಚಿಡುತ್ತಾರೆ ಎಂಬ ಅರ್ಥದ ಮಾತು ಧಮ್ಮಪದದಲ್ಲಿ ಬರುತ್ತದೆ. ಮನೆಯಲ್ಲಿ ಇದು ಹೆಚ್ಚು.

ಹೊರಗೆ ಸಮಾನತೆ ಕೇಳುವ ಗಂಡಸು ಮನೆಯಲ್ಲಿ ಹೆಂಡತಿಯ ಮಾತನ್ನು ಅರ್ಧಕ್ಕೇ ತಡೆಯುತ್ತಾನೆಯೇ? ಹೊಲದಿಂದ ಇಬ್ಬರೂ ದಣಿದು ಬಂದಾಗ ಒಬ್ಬರು ಜಗಲಿಗೆ, ಒಬ್ಬರು ಒಲೆಗೆ ಎಂಬ ಪದ್ಧತಿ ನಮ್ಮ ಮನೆಯಲ್ಲೂ ನಡೆದಿದೆಯೇ? ಐದನೆಯ ಶೀಲ ಪಠಿಸಿದ ಬಾಯಿಗೆ ಸಂಜೆ ಸರಾಯಿ ಹೋಗುತ್ತಿದೆಯೇ? ಮಗಳ ಓದಿಗಿಂತ ಮಗನ ಬೈಕಿಗೆ ಹೆಚ್ಚು ಸಾಲ ಮಾಡಿದ್ದೇವೆಯೇ?

ಇನ್ನೊಂದು ಪ್ರಶ್ನೆ ಕೇಳಲೇಬೇಕು. ಎಡ, ಬಲ ಎಂದು ನಮ್ಮೊಳಗೇ ಎಳೆದುಕೊಂಡ ಗೆರೆಯನ್ನು ನಾವು ಅಳಿಸುತ್ತಿದ್ದೇವೆಯೇ, ದಪ್ಪ ಮಾಡುತ್ತಿದ್ದೇವೆಯೇ? ನ್ಯಾಯವಾದ ಪಾಲಿನ ಚರ್ಚೆ ಬೇರೆ, ಅದು ನಡೆಯಲಿ. ಆದರೆ ಒಂದು ಕೇರಿಯವರು ಇನ್ನೊಂದು ಕೇರಿಯ ಮನೆಯಲ್ಲಿ ಊಟ ಮಾಡಲು ಹಿಂಜರಿದರೆ, ಹೆಣ್ಣು ಗಂಡು ಕೊಡಲು ತರಲು ಮುಖ ತಿರುಗಿಸಿದರೆ, "ಯಾವ ಜನ?" ಎಂಬ ಕನ್ನಡಿಯನ್ನು ನಾವೇ ಕೈಯಲ್ಲಿ ಹಿಡಿದ ಹಾಗೆ. ಆ ಗೆರೆಯನ್ನು ಎಳೆದುಕೊಟ್ಟವರು ಜಾತಿ ಕಟ್ಟಿದವರು, ಅದು ಅವರ ಲೆಕ್ಕ. ಇವತ್ತು ಅದನ್ನು ಉಳಿಸಿಕೊಂಡಿರುವುದು ನಮ್ಮ ಲೆಕ್ಕ.

*ಒಬ್ಬರಿಗೇ ಪೂರ್ತಿ ಕಾಣುವುದಿಲ್ಲ*

ನಮ್ಮ ದುರ್ಗದ ಬೆಟ್ಟ ಕೊರಟಗೆರೆ ಕಡೆಯಿಂದ ಒಂದು ಆಕಾರ ಕಾಣುತ್ತದೆ, ಮಧುಗಿರಿ ಕಡೆಯಿಂದ ಇನ್ನೊಂದು. ಎರಡೂ ಸುಳ್ಳಲ್ಲ. ಮನುಷ್ಯನೂ ಹಾಗೆಯೇ. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ. ಆದರೆ ಬೆನ್ನಿನ ಹುಣ್ಣನ್ನು ಇನ್ನೊಬ್ಬರೇ ನೋಡಿ ಹೇಳಬೇಕು.

ಇದಕ್ಕಾಗಿ ಬುದ್ಧರು ಸಂಘದಲ್ಲಿ ಪವಾರಣಾ ಎಂಬ ಪದ್ಧತಿ ಇಟ್ಟರು. ಮೂರು ತಿಂಗಳ ವರ್ಷಾವಾಸ ಮುಗಿದಾಗ ಭಿಕ್ಖುಗಳು ಸೇರುತ್ತಾರೆ. ನನ್ನಲ್ಲಿ ನೀವು ಏನಾದರೂ ತಪ್ಪು ಕಂಡಿದ್ದರೆ, ಕೇಳಿದ್ದರೆ, ಅನುಮಾನ ಪಟ್ಟಿದ್ದರೆ ಕರುಣೆಯಿಂದ ಹೇಳಿ, ತಿದ್ದಿಕೊಳ್ಳುತ್ತೇನೆ ಎಂದು ಪ್ರತಿಯೊಬ್ಬರೂ ಕೇಳಿಕೊಳ್ಳುತ್ತಾರೆ. ಹಿರಿಯರೇ ಮೊದಲು ಕೇಳುತ್ತಾರೆ. ಹಿರಿತನ ಅಂದರೆ ಪ್ರಶ್ನಿಸಬಾರದ ಸ್ಥಾನ ಎಂಬ ನಮ್ಮ ಊರಿನ ರೂಢಿಗೆ ಇದು ಪೂರ್ತಿ ತಿರುಗಿದ್ದು.

ಮನೆಯಲ್ಲಿ ವಾರಕ್ಕೊಮ್ಮೆ ಊಟದ ನಂತರ ಹತ್ತು ನಿಮಿಷ ಹೀಗೆ ಕೂರಬಹುದು. ಅಪ್ಪ ಮೊದಲು ಕೇಳಲಿ: "ಈ ವಾರ ನನ್ನ ಯಾವ ಮಾತಿನಿಂದ ನಿಮಗೆ ಬೇಜಾರಾಯಿತು?" ಮಕ್ಕಳು ಹೇಳಿದಾಗ ಸಮಜಾಯಿಷಿ ಕೊಡಬಾರದು, ಎದುರು ವಾದಿಸಬಾರದು, ಕೇಳಿಸಿಕೊಳ್ಳಬೇಕು. ಮೊದಲ ವಾರ ಯಾರೂ ಬಾಯಿ ಬಿಡದಿರಬಹುದು. ಮೂರನೆಯ ವಾರಕ್ಕೆ ಚಿಕ್ಕವರು ಮಾತಾಡುತ್ತಾರೆ.

*ಇಂದಿನ ಅಭ್ಯಾಸ*

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಬರೆಯಲು ಬಾರದವರು ಮನಸ್ಸಿನಲ್ಲೇ ಮಾಡಿಕೊಳ್ಳಿ. ರಾತ್ರಿ ತ್ರಿಶರಣ ಪಂಚಶೀಲ ಹೇಳಿದ ಮೇಲೆ ಐದು ನಿಮಿಷ ಸಾಕು.

1. ಇಂದು ಮಾಡಿದ ಒಂದು ಒಳ್ಳೆಯ ಕೆಲಸ ನೆನೆಯಿರಿ. ಅದಕ್ಕಾಗಿ ಸಂತೋಷಪಡಿ. ಇದನ್ನು ಬಿಡಬೇಡಿ, ಬುದ್ಧರೇ ಹೇಳಿದ್ದು.

2. ಇಂದು ಮನಸ್ಸಿಗೆ ಚುಚ್ಚಿದ ಒಂದು ಪ್ರಸಂಗ ತೆಗೆದುಕೊಳ್ಳಿ. ಎಡಗಡೆ ಅವರ ಪಾಲು ಬರೆಯಿರಿ, ಬಲಗಡೆ ನನ್ನ ಪಾಲು. ಯಾವುದಾದರೂ ಕಡೆ ಸೊನ್ನೆ ಇದ್ದರೆ ಸೊನ್ನೆ ಎಂದೇ ಬರೆಯಿರಿ.

3. ನನ್ನ ಪಾಲಿನ ಎದುರು ಅಶೋಕನ ಏಳರಲ್ಲಿ ಒಂದು ಕಾರಣ ಬರೆಯಿರಿ.

4. ನಾಳೆ ಮಾಡುವ ಒಂದೇ ಒಂದು ಬದಲಾವಣೆ ಬರೆಯಿರಿ. ಕ್ಷಮೆ ಕೇಳಬೇಕಾದ್ದಿದ್ದರೆ ಯಾರನ್ನು, ಯಾವಾಗ ಎಂದು. ದೂರು ಕೊಡಬೇಕಾದ್ದಿದ್ದರೆ ಎಲ್ಲಿಗೆ, ಯಾರ ಜೊತೆ ಎಂದು.

ಬರೆದು ಮುಗಿದ ಮೇಲೆ ಪುಸ್ತಕ ಮುಚ್ಚಿ ಮಲಗಿ. ಹಳೆಯದನ್ನೇ ಕೆದಕುತ್ತ ನಿದ್ದೆಗೆಡುವುದು ಧಮ್ಮದ ದಾರಿಯಲ್ಲ. ಹೇಳಿಕೊಳ್ಳುವುದು, ತಿದ್ದಿಕೊಳ್ಳುವುದು, ಮುಂದೆ ನಡೆಯುವುದು, ಇಷ್ಟೇ ರಾಹುಲನಿಗೆ ಸಿಕ್ಕ ಪಾಠ.

ಬರುವ ಭಾನುವಾರದ ಬಳಗದಲ್ಲಿ ಈ ವಾರದ ಅಭ್ಯಾಸದ ಬಗ್ಗೆ ಮಾತಾಡೋಣ. ನೋಟ್‌ಬುಕ್ ತೋರಿಸಬೇಕಾಗಿಲ್ಲ. ಎರಡು ಲೆಕ್ಕ ಬೇರೆ ಮಾಡುವುದು ಎಲ್ಲಿ ಕಷ್ಟವಾಯಿತು ಎಂದು ಹೇಳಿದರೆ ಸಾಕು. ಮನೆಯ ಹೆಣ್ಣುಮಕ್ಕಳನ್ನೂ, ಪಿಯುಸಿ ಓದುವ ಮಕ್ಕಳನ್ನೂ ಕರೆದುಕೊಂಡು ಬನ್ನಿ.

ಎಲ್ಲರಿಗೂ ಮಂಗಳವಾಗಲಿ.

ನಮೋ ಬುದ್ಧಾಯ. ಜೈ ಭೀಮ್.